ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿಸಬಹುದಾ? ಟ್ಯಾಲಿ ಗತಿ ಏನು?

ಪ್ರಶ್ನೆ: ಸಾರ್, ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಲೆಕ್ಕಪತ್ರವೆಲ್ಲ ನಾನೇ ನೋಡಿಕೊಳ್ಳುತ್ತೇನೆ. ಅಕ್ಕಪಕ್ಕದ ಎರಡು ತೋಟದವರ ಟ್ಯಾಲಿ ಎಂಟ್ರಿಯನ್ನೂ ಮಾಡಿಕೊಡುತ್ತೇನೆ. ಕಂಪ್ಯೂಟರ್ 2014ರಲ್ಲಿ ತೆಗೆದುಕೊಂಡಿದ್ದು. ನಾಲ್ಕನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್. ವಿಂಡೋಸ್ 10 ಇದೆ, ಅಂಗಡಿಯವರು ಹಾಕಿಕೊಟ್ಟಿದ್ದು, ಅಸಲಿಯೋ ಅಲ್ಲವೋ ಗೊತ್ತಿಲ್ಲ. ಆನ್ ಮಾಡಿ ಒಲೆ ಮೇಲೆ ಹಾಲಿಟ್ಟು ಬಂದರೂ ಇನ್ನೂ ತಿರುಗುತ್ತಲೇ ಇರುತ್ತದೆ. ಈಗ ‘ಸಪೋರ್ಟ್ ಮುಗಿದಿದೆ’ ಎಂಬ ಸಂದೇಶ ಬೇರೆ. ಅಂಗಡಿಯವರು ಹೊಸದು ತಗೊಳ್ಳಿ ಅಂತಾರೆ. ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಗ ಲಿನಕ್ಸ್ ಹಾಕ್ತೀನಿ ಅಂತ ಪೆನ್‌ಡ್ರೈವ್ ಹಿಡಿದು ಕೂತಿದ್ದಾನೆ. ನಮ್ಮ ಭಾವ ‘ಪುಕ್ಕಟೆ ಸಿಗೋದನ್ನ ನಂಬಬೇಡ, ಕೋಡ್ ಎಲ್ಲರಿಗೂ ಕಾಣುತ್ತೆ ಅಂದ್ರೆ ಕಳ್ಳರಿಗೂ ಕಾಣುತ್ತೆ’ ಅಂತಾರೆ. ಆಳುಗಳ ಹಾಜರಿ, ಬಟವಾಡೆಯ ಚೆಕ್‌ರೋಲ್ ಎಕ್ಸೆಲ್‌ನಲ್ಲಿದೆ. ಹಳೇ ಪತ್ರಗಳೆಲ್ಲ ನುಡಿಯಲ್ಲಿವೆ. ಪ್ರಿಂಟರ್ ಕ್ಯಾನನ್ ಎಲ್‌ಬಿಪಿ 2900. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆ ಒಂದಕ್ಕೊಂದು ಸುತ್ತಿಕೊಂಡಿವೆ. ಕಂಪ್ಯೂಟರ್ ನಿಧಾನವಾಗಿರುವುದು ಒಂದು. ವಿಂಡೋಸ್ 10 ಸಪೋರ್ಟ್ ಮುಗಿದಿರುವುದು ಇನ್ನೊಂದು. ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ಎಂಬ ಪುಕ್ಕಟೆ ಸಿಸ್ಟಂ ಅನ್ನು ನಂಬಬಹುದಾ ಎನ್ನುವುದು ಮೂರನೆಯದು. ಅಂಗಡಿಯವರು ಮೂರಕ್ಕೂ ಒಂದೇ ಮದ್ದು ಹೇಳಿದ್ದಾರೆ, ಮಗನೂ ಹಾಗೇ ಮಾಡಿದ್ದಾನೆ. ಬಿಡಿಸಿ ನೋಡೋಣ.

ಮೊದಲು ನಿಧಾನದ ವಿಷಯ. ಇದಕ್ಕೂ ವಿಂಡೋಸ್, ಲಿನಕ್ಸ್ ಜಗಳಕ್ಕೂ ಸಂಬಂಧ ಕಡಿಮೆ. ನಿಮ್ಮ ಡಬ್ಬದೊಳಗೆ ಇರುವುದು ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್. ವಿಂಡೋಸ್ 10 ಶುರುವಾಗುವಾಗ ಸಾವಿರಾರು ಸಣ್ಣ ಫೈಲುಗಳನ್ನು ಅಲ್ಲಿಂದ ಇಲ್ಲಿಂದ ಹೆಕ್ಕುತ್ತದೆ. ಒಂದೊಂದಕ್ಕೂ ಡಿಸ್ಕಿನ ಸೂಜಿ ಓಡಾಡಬೇಕು. ಅದರ ಮೇಲೆ 4 ಜಿಬಿ ರ‍್ಯಾಮ್ ತುಂಬಿದ ಕೂಡಲೇ ಉಳಿದದ್ದನ್ನು ಮತ್ತೆ ಅದೇ ಡಿಸ್ಕಿಗೆ ಬರೆದು ಓದುತ್ತದೆ. ಪ್ರೊಸೆಸರ್ ಸುಮ್ನೆ ಕಾಯುತ್ತಾ ಕೂತಿರುತ್ತದೆ. ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿ ಎಂಬ ಡಿಸ್ಕ್ ಹಾಕಿ, ರ‍್ಯಾಮ್ 8 ಜಿಬಿ ಮಾಡಿದರೆ ಇದೇ ಐ3 ಲೆಕ್ಕದ ಕೆಲಸಕ್ಕೆ ಇನ್ನೂ ಹಲವು ವರ್ಷ ಬರುತ್ತದೆ. ನಮ್ಮ ಸರ್ವೀಸ್ ಅಂಗಡಿಗೆ ‘ಸತ್ತುಹೋಗಿದೆ’ ಎಂದು ಬರುವ ಡೆಸ್ಕ್‌ಟಾಪ್‌ಗಳಲ್ಲಿ ಬಹುಪಾಲು ಹೀಗೇ ಎದ್ದು ಕೂತಿವೆ. ಯಾವ ಸಿಸ್ಟಂ ಹಾಕಿದರೂ ಈ ಖರ್ಚು ಮಾಡಲೇಬೇಕು. ಹಾರ್ಡ್ ಡಿಸ್ಕ್ ಮೇಲೆ ಲಿನಕ್ಸ್ ಹಾಕಿದರೆ ಸ್ವಲ್ಪ ಹಗುರ ಆಗುತ್ತದೆ, ಪವಾಡವೇನೂ ಆಗುವುದಿಲ್ಲ.

ಸಪೋರ್ಟ್ ಮುಗಿದರೆ ಏನಾಗುತ್ತದೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಉಚಿತವಾಗಿ ಕೊಡುತ್ತಿದ್ದ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಕಂಪ್ಯೂಟರ್ ನಿಲ್ಲುವುದಿಲ್ಲ, ಟ್ಯಾಲಿಯೂ ನಿಲ್ಲುವುದಿಲ್ಲ. ಹೊಸದಾಗಿ ಪತ್ತೆಯಾಗುವ ತೂತುಗಳನ್ನು ಮುಚ್ಚುವವರು ಇಲ್ಲ, ಅಷ್ಟೇ. ನೆಟ್ ಇಲ್ಲದೆ ಲೆಕ್ಕ ಮಾತ್ರ ಬರೆಯುವವರಿಗೆ ಇದು ಅಷ್ಟು ತುರ್ತಲ್ಲ. ಅದೇ ಕಂಪ್ಯೂಟರಿನಲ್ಲಿ ಬ್ಯಾಂಕ್ ಪಾಸ್‌ವರ್ಡ್ ಒತ್ತುವವರಿಗೆ ತುರ್ತೇ.

ಒಂದು ವರ್ಷದ ಮುಂದೂಡಿಕೆ ಇದೆ. ಮನೆ ಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಪಡೆಯುವ ಯೋಜನೆಯನ್ನು ಕಂಪನಿಯೇ ಇಟ್ಟಿದೆ. 30 ಡಾಲರ್ ಕಟ್ಟಬಹುದು, ಇಲ್ಲವೇ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ಪುಕ್ಕಟೆಯಾಗಿಯೇ ಸಿಗುತ್ತದೆ. ಆದರೆ ಅದಕ್ಕೆ ವಿಂಡೋಸ್ ಅಸಲಿ ಇರಬೇಕು. ಸೆಟ್ಟಿಂಗ್ಸ್ ಒಳಗೆ ಆಕ್ಟಿವೇಶನ್ ಪುಟ ತೆಗೆದು ನೋಡಿ. ಮನೆ ಕಂಪ್ಯೂಟರಿನಲ್ಲಿ ‘ನಿಮ್ಮ ಸಂಸ್ಥೆಯ ಆಕ್ಟಿವೇಶನ್ ಸೇವೆ ಬಳಸಿ ಆಕ್ಟಿವೇಟ್ ಆಗಿದೆ’ ಎಂಬ ಅರ್ಥದ ಇಂಗ್ಲಿಷ್ ಸಾಲು ಕಂಡರೆ ಅನುಮಾನ ಪಡಿ. ತೋಟಕ್ಕೆ ಅಂಥ ಸಂಸ್ಥೆ ಎಲ್ಲಿಂದ ಬಂತು? ಯಾರೋ ಬೀಗ ಒಡೆಯುವ ಸಾಫ್ಟ್‌ವೇರ್ ಓಡಿಸಿ ಹೋಗಿದ್ದಾರೆ ಎಂದರ್ಥ. ನಮ್ಮ ಕಡೆ ಕಂಪ್ಯೂಟರುಗಳಿಗೆ ವೈರಸ್ ಬರುವ ದೊಡ್ಡ ಬಾಗಿಲೇ ಇದು. ಆ ಕ್ರ್ಯಾಕ್ ಓಡಿಸಬೇಕಾದರೆ ಮೊದಲು ಆಂಟಿವೈರಸ್ ಆಫ್ ಮಾಡು ಅಂತ ಅದೇ ಹೇಳುತ್ತದೆ! ಹಾಗೆ ಹಾಕಿದ ವಿಂಡೋಸ್ ಮೇಲೆ ನೆರೆಯವರ ಲೆಕ್ಕ ಇಟ್ಟುಕೊಳ್ಳುವುದಕ್ಕಿಂತ ನಿಮ್ಮ ಮಗನ ಪೆನ್‌ಡ್ರೈವ್ ಎಷ್ಟೋ ವಾಸಿ.

ವಿಂಡೋಸ್ 11 ನಿಮ್ಮ ಯಂತ್ರಕ್ಕೆ ನೇರವಾಗಿ ಹತ್ತುವುದಿಲ್ಲ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್‌ನಲ್ಲಾದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಈ ತಪಾಸಣೆಯನ್ನು ದಾಟಿಸಿ ಹಾಕಿಕೊಡುವವರು ಇದ್ದಾರೆ. ಕೆಲಸ ಮಾಡುತ್ತದೆ ಕೂಡ. ಆದರೆ ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಖಾತ್ರಿ ಇಲ್ಲ ಎಂದು ಮೈಕ್ರೋಸಾಫ್ಟೇ ಹೇಳಿದೆ. ಆಟ ಆಡುವ ಮಕ್ಕಳ ಕಂಪ್ಯೂಟರಾಗಿದ್ದರೆ ಸರಿ ಅನ್ನುತ್ತಿದ್ದೆ. ನಿಮಗೆ ಬೇಡ.

ಭಾವನವರ ಮಾತು ಎಷ್ಟು ನಿಜ

‘ಪುಕ್ಕಟೆ, ಆದ್ದರಿಂದ ಕಳಪೆ’ ಎನ್ನುವುದು ನಿಲ್ಲುವ ಮಾತಲ್ಲ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಶುರು ಮಾಡಿದ ಲಿನಕ್ಸ್ ಕರ್ನಲ್ಲೇ (ಸಿಸ್ಟಂನ ತಿರುಳು) ಭಾವನವರ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಬುಡದಲ್ಲೂ ಇದೆ. ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಎಲ್ಲವೂ ಲಿನಕ್ಸ್‌ನವೇ. ಇದನ್ನು ಬರೆಯುವವರಲ್ಲಿ ಹೆಚ್ಚಿನವರು ದೊಡ್ಡ ದೊಡ್ಡ ಕಂಪನಿಗಳ ಸಂಬಳದವರು. ಇಂಟೆಲ್, ರೆಡ್ ಹ್ಯಾಟ್, ಗೂಗಲ್ ಎಲ್ಲ ಸೇರಿವೆ. ಪುಕ್ಕಟೆ ಸಿಗುತ್ತದೆ ನಿಜ, ಪುಕ್ಕಟೆಯಾಗಿ ಹುಟ್ಟುವುದಿಲ್ಲ.

ಆದರೆ ‘ಸರ್ವರಿನಲ್ಲಿ ಅಷ್ಟು ಚೆನ್ನಾಗಿದೆ, ಹಾಗಾಗಿ ನಿಮ್ಮ ಮೇಜಿನ ಮೇಲೂ ಚೆನ್ನಾಗಿರುತ್ತದೆ’ ಅಂತ ಹುಡುಗರು ಹೇಳಿದರೆ ಅದೂ ಪೂರ್ತಿ ನಿಜವಲ್ಲ. ಸೂಪರ್‌ಕಂಪ್ಯೂಟರಿಗೆ ಯಾರೂ ಕ್ಯಾನನ್ 2900 ಸಿಕ್ಕಿಸುವುದಿಲ್ಲವಲ್ಲ.

ಇನ್ನು ‘ಕೋಡ್ ಕಳ್ಳರಿಗೂ ಕಾಣುತ್ತೆ’ ಎನ್ನುವ ಮಾತು. ಇದನ್ನು ನಾನು ನಕ್ಕು ತಳ್ಳಿಹಾಕುವುದಿಲ್ಲ. 2024ರ ಮಾರ್ಚ್‌ನಲ್ಲಿ ಒಂದು ಪ್ರಸಂಗ ನಡೆಯಿತು. ‘ಎಕ್ಸ್‌ಝಡ್’ ಎಂಬ ಫೈಲ್ ಕುಗ್ಗಿಸುವ ಸಣ್ಣ ಸಾಫ್ಟ್‌ವೇರ್ ಬಹುಪಾಲು ಎಲ್ಲ ಲಿನಕ್ಸ್‌ನಲ್ಲೂ ಇರುತ್ತದೆ. ಅದನ್ನು ನೋಡಿಕೊಳ್ಳುತ್ತಿದ್ದದ್ದು ಹೆಚ್ಚುಕಡಿಮೆ ಒಬ್ಬನೇ ವ್ಯಕ್ತಿ. ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ಬಂದರು. ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆ ಕೆಲಸ ಮಾಡಿ ನಂಬಿಕೆ ಗಳಿಸಿದರು. ಕೊನೆಗೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕದ್ದು ಒಳನುಗ್ಗಲು ಹಿಂಬಾಗಿಲು ಸೇರಿಸಿಬಿಟ್ಟರು. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್‌ಗೆ ತನ್ನ ಯಂತ್ರಕ್ಕೆ ದೂರದಿಂದ ಲಾಗಿನ್ ಆಗುವಾಗ ಸುಮಾರು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆಯಲ್ಲ ಅನ್ನಿಸಿತು. ಬೆನ್ನು ಹತ್ತಿ ಹೋದಾಗ ಎಲ್ಲ ಹೊರಬಿತ್ತು. ತಮಾಷೆ ಎಂದರೆ ಆತ ಕೆಲಸ ಮಾಡುತ್ತಿದ್ದದ್ದು ಮೈಕ್ರೋಸಾಫ್ಟ್‌ನಲ್ಲಿ.

ಈ ಕಥೆಯನ್ನು ಎರಡೂ ಕಡೆಯವರು ತಮಗೆ ಬೇಕಾದ ಹಾಗೆ ಹೇಳುತ್ತಾರೆ. ನಾನು ಓದಿಕೊಂಡಿದ್ದು ಹೀಗೆ: ಕೋಡ್ ಬಯಲಲ್ಲಿದೆ ಎಂದ ಮಾತ್ರಕ್ಕೆ ಅದನ್ನು ಯಾರೋ ನೋಡುತ್ತಿದ್ದಾರೆ ಎಂದಲ್ಲ. ಆದರೆ ಅನುಮಾನ ಬಂದಾಗ ಹೊರಗಿನವನೊಬ್ಬ ಬಿಚ್ಚಿ ನೋಡಬಹುದಿತ್ತು, ನೋಡಿದ. ಹೆಚ್ಚಿನ ಡೆಸ್ಕ್‌ಟಾಪ್‌ಗಳಿಗೆ ಆ ಆವೃತ್ತಿ ಬರುವ ಮೊದಲೇ ಸಿಕ್ಕಿಬಿತ್ತು. ದೀರ್ಘಾವಧಿ ಬೆಂಬಲದ ಲಿನಕ್ಸ್ ಹಾಕಿಕೊಂಡವರಿಗೆ ಹೊಸ ಆವೃತ್ತಿ ತಡವಾಗಿ ಬರುವುದೇ ಇಲ್ಲಿ ಅನುಕೂಲವಾಯಿತು.

‘ಲಿನಕ್ಸ್‌ಗೆ ವೈರಸ್ಸೇ ಬರಲ್ಲ’ ಎಂದು ಮಗ ಹೇಳಿರಬಹುದು. ಕಡಿಮೆ ಬರುತ್ತದೆ ಎನ್ನುವುದು ಸರಿ. ಡೆಸ್ಕ್‌ಟಾಪ್ ಬಳಸುವವರಲ್ಲಿ ಲಿನಕ್ಸ್‌ನವರ ಪಾಲು ಸಣ್ಣದು, ವೆಬ್ ಬಳಕೆಯನ್ನು ಅಳೆಯುವ ಸ್ಟಾಟ್‌ಕೌಂಟರ್ ಲೆಕ್ಕದಲ್ಲಿ 2024ರಲ್ಲಷ್ಟೇ ಶೇ. 4 ದಾಟಿತು. ಹಾಗಾಗಿ ಕಳ್ಳರಿಗೆ ಆಸಕ್ತಿ ಕಡಿಮೆ. ಸಾಫ್ಟ್‌ವೇರನ್ನು ಕಂಡಕಂಡ ವೆಬ್‌ಸೈಟಿನಿಂದ ಇಳಿಸಿಕೊಳ್ಳದೆ ಒಂದೇ ನಂಬಿಕೆಯ ಉಗ್ರಾಣದಿಂದ ತರಿಸಿಕೊಳ್ಳುವ ಪದ್ಧತಿಯೂ ಕಾಪಾಡುತ್ತದೆ. ಆದರೆ ಬ್ಯಾಂಕಿನವರು ಅಂತ ಫೋನ್ ಮಾಡಿ ಓಟಿಪಿ ಕೇಳುವವನಿಗೆ ನಿಮ್ಮಲ್ಲಿ ಯಾವ ಸಿಸ್ಟಂ ಇದ್ದರೂ ಒಂದೇ.

ಸಂಸ್ಥೆಗಳ ಉದಾಹರಣೆ ಬೇಕಿದ್ದರೆ ಎರಡೂ ಕಡೆ ಸಿಗುತ್ತದೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಕಲಿಯುತ್ತಿದ್ದಾರೆ, ಅಲ್ಲಿನ ಕೈಟ್ ಸಂಸ್ಥೆ ಅದಕ್ಕೆಂದೇ ಉಬುಂಟು ಎಂಬ ಲಿನಕ್ಸ್ ಆಧರಿಸಿ ಸಿಸ್ಟಂ ಸಿದ್ಧಪಡಿಸುತ್ತದೆ. ಜರ್ಮನಿಯ ಮ್ಯೂನಿಕ್ ನಗರಪಾಲಿಕೆ ಸಾವಿರಾರು ಕಂಪ್ಯೂಟರುಗಳನ್ನು ಲಿನಕ್ಸ್‌ಗೆ ಬದಲಾಯಿಸಿ, 2017ರಲ್ಲಿ ಮತ್ತೆ ವಿಂಡೋಸ್‌ಗೆ ಮರಳಲು ತೀರ್ಮಾನಿಸಿತು. ಕೇರಳದಲ್ಲಿ ಶಾಲೆಗೆ ಬೇಕಾದ ಪಾಠದ ಸಾಫ್ಟ್‌ವೇರನ್ನೆಲ್ಲ ಲಿನಕ್ಸ್‌ಗೇ ಕಟ್ಟಿಕೊಂಡರು. ಒಂದು ನಗರಪಾಲಿಕೆಗೆ ಹೊರಗಿನವರು ಬರೆದ ನೂರೆಂಟು ಸಾಫ್ಟ್‌ವೇರ್ ಬೇಕಾಗುತ್ತವೆ, ಅವನ್ನು ಬರೆದವರು ವಿಂಡೋಸನ್ನೇ ಮನಸ್ಸಿನಲ್ಲಿಟ್ಟು ಬರೆದಿರುತ್ತಾರೆ. ನಿಮ್ಮ ಕೆಲಸವೂ ಇದೇ ಜಾಗದಲ್ಲಿ ತೊಡಕಿಗೆ ಸಿಗುತ್ತದೆ.

ನಿಮ್ಮ ಮೇಜಿನ ಮೇಲಿನ ಸಂಗತಿಗಳು

ಟ್ಯಾಲಿ ವಿಂಡೋಸ್‌ಗೆಂದು ಮಾಡಿದ್ದು. ಲಿನಕ್ಸ್‌ಗೆ ಟ್ಯಾಲಿಪ್ರೈಮ್ ಇಲ್ಲ. ವಿಂಡೋಸ್ ಸಾಫ್ಟ್‌ವೇರನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಎಂಬ ಸೇತುವೆಯ ಮೇಲೆ ಓಡಿಸಿ ತೋರಿಸುವವರಿದ್ದಾರೆ. ತೆರೆದುಕೊಳ್ಳುತ್ತದೆ, ಎಂಟ್ರಿಯೂ ಆಗಬಹುದು. ಆಮೇಲೆ ಒಂದು ದಿನ ಲೈಸೆನ್ಸ್ ಒಪ್ಪುವುದಿಲ್ಲ, ಅಥವಾ ಹೊಸ ರಿಲೀಸ್ ಹಾಕಿದ ಮೇಲೆ ಪ್ರಿಂಟ್ ಬರುವುದಿಲ್ಲ. ಆಗ ಟ್ಯಾಲಿಯವರನ್ನು ಕೇಳುವ ಹಾಗಿಲ್ಲ, ಲಿನಕ್ಸ್‌ನವರನ್ನೂ ಕೇಳುವ ಹಾಗಿಲ್ಲ. ನಿಮ್ಮದೊಂದೇ ತೋಟದ ಲೆಕ್ಕವಾಗಿದ್ದರೆ ಬೇರೆ ಮಾತು. ಎರಡು ಮನೆಯವರ ಪುಸ್ತಕ ನಿಮ್ಮ ಕೈಲಿದೆ. ಮಾರ್ಚ್ ಕೊನೆಯ ವಾರದಲ್ಲಿ ಅವರಿಗೆ ವೈನ್ ಕಥೆ ಹೇಳುತ್ತಾ ಕೂರಲು ಆಗುತ್ತದಾ? ಲಿನಕ್ಸ್ ಒಳಗೇ ವರ್ಚುವಲ್ ಯಂತ್ರ ಮಾಡಿ ಅದರಲ್ಲಿ ವಿಂಡೋಸ್ ಓಡಿಸುವ ದಾರಿ ಇನ್ನೊಂದು. ಅದಕ್ಕೆ 8 ಜಿಬಿ ರ‍್ಯಾಮ್ ಕನಿಷ್ಠ. ಅಲ್ಲಿಗೂ ಅಸಲಿ ವಿಂಡೋಸ್ ಲೈಸೆನ್ಸ್ ಬೇಕೇ ಬೇಕು. ಹಳೇ ಐ3 ಮೇಲೆ ಅದು ಏದುಸಿರು ಬಿಡುತ್ತದೆ.

ಚೆಕ್‌ರೋಲ್ ಅಷ್ಟು ಕಷ್ಟವಲ್ಲ. ಹಾಜರಿ, ಕೊಯ್ಲಿನ ಕೆಜಿ, ಮುಂಗಡ ಕಳೆದು ವಾರದ ಬಟವಾಡೆ ಎಂಬ ಸಾದಾ ಫಾರ್ಮುಲಾಗಳಾದರೆ ಎಕ್ಸೆಲ್ ಬದಲಿಗೆ ಪುಕ್ಕಟೆ ಸಿಗುವ ಲಿಬ್ರೆಆಫೀಸ್ ಕ್ಯಾಲ್ಕ್ ಆರಾಮವಾಗಿ ತೆರೆಯುತ್ತದೆ. ಯಾರಾದರೂ ಗುಂಡಿ ಒತ್ತಿದರೆ ಪೇ ಸ್ಲಿಪ್ ಬರುವ ಹಾಗೆ ಮ್ಯಾಕ್ರೋ ಬರೆದುಕೊಟ್ಟಿದ್ದರೆ ಅದು ಮುರಿಯುವ ಸಂಭವ ಜಾಸ್ತಿ. ಇದನ್ನು ತಿಳಿಯಲು ಲಿನಕ್ಸ್ ಬೇಡ. ಲಿಬ್ರೆಆಫೀಸನ್ನು ಈಗಿನ ವಿಂಡೋಸ್‌ನಲ್ಲೇ ಹಾಕಿ, ಚೆಕ್‌ರೋಲ್ ಫೈಲಿನ ನಕಲನ್ನು ಅದರಲ್ಲಿ ತೆರೆದು ಒಂದು ವಾರದ ಲೆಕ್ಕ ಮಾಡಿ ನೋಡಿ.

ಕನ್ನಡದ ವಿಷಯಕ್ಕೆ ಸ್ವಲ್ಪ ನಿಲ್ಲೋಣ, ಯಾಕೆಂದರೆ ಇಲ್ಲಿ ಗೊಂದಲ ಬಹಳ. ‘ಲಿನಕ್ಸ್‌ನಲ್ಲಿ ನುಡಿ ಬರಲ್ಲ’ ಎನ್ನುವುದು ಅರ್ಧ ನಿಜ. ನುಡಿ ಸಾಫ್ಟ್‌ವೇರ್ ವಿಂಡೋಸ್‌ನದು. ಆದರೆ ನಿಮ್ಮ ಬೆರಳಿಗೆ ಅಭ್ಯಾಸವಾಗಿರುವ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲಿ ಹುಟ್ಟಾ ಇದೆ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡ, ಕಗಪ ಎಂದು ಆರಿಸಿಕೊಂಡರೆ ಸಾಕು, ಬೇರೆ ಏನೂ ಇಳಿಸಿಕೊಳ್ಳಬೇಕಿಲ್ಲ. ಗುಬ್ಬಿ, ನವಿಲು, ಲೋಹಿತ್, ನೋಟೋ ಎಂಬ ಕನ್ನಡ ಫಾಂಟುಗಳು ಉಗ್ರಾಣದಲ್ಲೇ ಸಿಗುತ್ತವೆ. ಇವೆಲ್ಲ ಯೂನಿಕೋಡ್. ಇದರಲ್ಲಿ ಒತ್ತಿದ ಪತ್ರ ವಾಟ್ಸಾಪಿಗೆ, ಇಮೇಲಿಗೆ, ಯಾರ ಫೋನಿಗೆ ಹೋದರೂ ಕನ್ನಡವಾಗಿಯೇ ಕಾಣುತ್ತದೆ.

ತೊಡಕಿರುವುದು ಹಳೇ ಪತ್ರಗಳಲ್ಲಿ. ಆಗಿನ ನುಡಿ ಫಾಂಟುಗಳಲ್ಲಿ ಬರೆದದ್ದು ಕಂಪ್ಯೂಟರಿನ ಲೆಕ್ಕಕ್ಕೆ ಕನ್ನಡವೇ ಅಲ್ಲ. ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕೂತಿರುತ್ತವೆ, ಮೇಲೆ ಫಾಂಟ್ ಕನ್ನಡದ ಮುಖ ಹಾಕಿರುತ್ತದೆ. ಫಾಂಟ್ ಇಲ್ಲದ ಕಡೆ ತೆರೆದರೆ ಗೋಜಲು. ಈ ಕಾಯಿಲೆ ಲಿನಕ್ಸ್‌ನಿಂದ ಬಂದದ್ದಲ್ಲ. ಹೊಸ ವಿಂಡೋಸ್ ಕಂಪ್ಯೂಟರ್ ತಂದು ನುಡಿ ಹಾಕದಿದ್ದರೂ ಇದೇ ಕಾಣುತ್ತದೆ. ಆ ಫಾಂಟ್ ಫೈಲುಗಳನ್ನು ಲಿನಕ್ಸ್‌ಗೂ ಹಾಕಿಕೊಂಡರೆ ಹಳೇ ಪತ್ರಗಳನ್ನು ಓದಬಹುದು, ಪ್ರಿಂಟ್ ತೆಗೆಯಬಹುದು. ತಿದ್ದಬೇಕಾದವನ್ನು ಮಾತ್ರ ಯೂನಿಕೋಡ್‌ಗೆ ಪರಿವರ್ತಿಸಿ. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಒತ್ತಕ್ಷರ, ಅರ್ಕಾವತ್ತು ಇರುವಲ್ಲಿ ಒಮ್ಮೆ ಕಣ್ಣಾಡಿಸಿ, ಅಲ್ಲೇ ತಪ್ಪುವುದು. ಕರಾರುಪತ್ರ, ಅಳತೆ ವಿವರ ಇರುವ ಪತ್ರಗಳಿಗೆ ಒಂದೊಂದು ಪಿಡಿಎಫ್ ಮಾಡಿಡುವುದು ಎಲ್ಲಕ್ಕಿಂತ ಒಳ್ಳೆಯದು.

ಪ್ರಿಂಟರ್ ವಿಷಯದಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿಲ್ಲ. ಎಲ್‌ಬಿಪಿ 2900 ಗಟ್ಟಿ ಯಂತ್ರ, ನಮ್ಮ ಕಡೆ ಪ್ರತಿ ಆಫೀಸಿನಲ್ಲೂ ಇದೆ. ಆದರೆ ಅದು ಮಾತಾಡುವುದು ಕ್ಯಾನನ್‌ನದೇ ಕ್ಯಾಪ್ಟ್ ಭಾಷೆ. ಅದಕ್ಕಿರುವ ಲಿನಕ್ಸ್ ಡ್ರೈವರ್ ಹಳೆಯದು, ಹೊಸ ಸಿಸ್ಟಂಗಳಲ್ಲಿ ಕೂರಿಸಲು ಪರದಾಡಬೇಕು. ಬಳಕೆದಾರರೇ ಬರೆದ ಬದಲಿ ಡ್ರೈವರ್ ಇದೆ, ಅದನ್ನು ಹಾಕಲು ತಾಳ್ಮೆ ಬೇಕು. ಎಚ್‌ಪಿಯ ಹೆಚ್ಚಿನ ಮಾದರಿಗಳು, ಎಪ್ಸನ್ ಇಂಕ್ ಟ್ಯಾಂಕ್‌ಗಳು ಸಾಮಾನ್ಯವಾಗಿ ಸರಾಗ. ಏರ್‌ಪ್ರಿಂಟ್ ಇರುವ ಪ್ರಿಂಟರಾದರೆ ಬಹುಪಾಲು ಡ್ರೈವರ್ ಹುಡುಕುವ ಕೆಲಸವೇ ಇರುವುದಿಲ್ಲ.

ನೆಟ್ ಬ್ಯಾಂಕಿಂಗ್, ಜಿಎಸ್‌ಟಿ ಪೋರ್ಟಲ್, ಆರ್‌ಟಿಸಿ ಎಲ್ಲ ಬ್ರೌಸರ್ ಕೆಲಸ, ತೊಂದರೆ ಇಲ್ಲ. ನೀವು ಲೆಕ್ಕ ಬರೆಯುವ ತೋಟಗಳಲ್ಲಿ ಯಾವುದಾದರೂ ಕಂಪನಿಯಾಗಿ ಅಥವಾ ಸೀಮಿತ ಹೊಣೆಯ ಪಾಲುದಾರಿಕೆಯಾಗಿ (ಎಲ್‌ಎಲ್‌ಪಿ) ನೋಂದಣಿಯಾಗಿದ್ದರೆ ಮಾತ್ರ ಜಿಎಸ್‌ಟಿಗೆ ಡಿಎಸ್‌ಸಿ ಎಂಬ ಡಿಜಿಟಲ್ ಸಹಿಯ ಟೋಕನ್ ಬೇಕಾಗುತ್ತದೆ. ಆ ಕೆಲಸ ವಿಂಡೋಸ್‌ನಲ್ಲೇ ಇರಲಿ. ಒಬ್ಬರ ಹೆಸರಿನದಾದರೆ ಓಟಿಪಿಯಲ್ಲೇ ಮುಗಿಯುತ್ತದೆ.

ನಾನಾಗಿದ್ದರೆ ಏನು ಮಾಡುತ್ತಿದ್ದೆ

ಒಂದೇ ಡಿಸ್ಕಿನಲ್ಲಿ ಎರಡೂ ಸಿಸ್ಟಂ ಹಾಕುವ ಡ್ಯುಯಲ್ ಬೂಟ್ ಎಂಬ ದಾರಿಯನ್ನು ಮಗ ಸೂಚಿಸಬಹುದು. ನಿಮಗೆ ನಾನು ಅದನ್ನು ಹೇಳುವುದಿಲ್ಲ. ಡಿಸ್ಕ್ ಪಾಲು ಮಾಡುವಾಗ ಕೈ ತಪ್ಪಿದರೆ ಲೆಕ್ಕವೆಲ್ಲ ಹೋಗುತ್ತದೆ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡದಿದ್ದರೆ ಆ ಕಡೆಯ ಫೈಲುಗಳಿಗೆ ಲಿನಕ್ಸ್‌ನಿಂದ ಬರೆಯಲು ಆಗುವುದಿಲ್ಲ. 2024ರ ಆಗಸ್ಟ್‌ನಲ್ಲಿ ಬಂದ ಒಂದು ವಿಂಡೋಸ್ ಅಪ್‌ಡೇಟ್‌ನಿಂದ ಹೀಗೆ ಜೋಡಿ ಹಾಕಿಕೊಂಡಿದ್ದ ಹಲವರ ಲಿನಕ್ಸ್ ಶುರುವಾಗುವುದೇ ನಿಂತಿತ್ತು.

ಅದರ ಬದಲು ಡಿಸ್ಕನ್ನೇ ಬೇರೆ ಮಾಡಿ. ಹೊಸ ಎಸ್‌ಎಸ್‌ಡಿ ತನ್ನಿ, ರ‍್ಯಾಮ್ ಹೆಚ್ಚಿಸಿ. ಹಳೇ ಹಾರ್ಡ್ ಡಿಸ್ಕಿನ ಕೇಬಲ್ ಬಿಚ್ಚಿ ಪಕ್ಕಕ್ಕಿಡಿ, ಮುಟ್ಟಬೇಡಿ. ಎಸ್‌ಎಸ್‌ಡಿ ಮೇಲೆ ಮಗ ಲಿನಕ್ಸ್ ಹಾಕಲಿ. ಇನ್‌ಸ್ಟಾಲ್ ಮಾಡುವಾಗ ಅವನು ಯಾವ ಗುಂಡಿ ಒತ್ತಿದರೂ ಅಳಿಸಿಹೋಗಲು ಅಲ್ಲಿ ಏನೂ ಇರುವುದಿಲ್ಲ. ಸರಿಹೋಗದಿದ್ದರೆ ಹಳೇ ಡಿಸ್ಕ್ ಮತ್ತೆ ಸಿಕ್ಕಿಸಿದರೆ ಕಂಪ್ಯೂಟರ್ ಮೊದಲಿನ ಹಾಗೆ. ಸರಿಹೋದರೆ ಎರಡೂ ಜೋಡಿಸಿಕೊಳ್ಳಿ. ಆನ್ ಮಾಡುವಾಗ ಬೂಟ್ ಮೆನುವಿನಿಂದ ಬೇಕಾದ್ದನ್ನು ಆರಿಸಿ. ಟ್ಯಾಲಿಗೆ ಮತ್ತು ಪ್ರಿಂಟಿಗೆ ವಿಂಡೋಸ್. ಬ್ಯಾಂಕ್, ಇಮೇಲ್, ಪತ್ರ, ಚೆಕ್‌ರೋಲ್‌ಗೆ ಲಿನಕ್ಸ್. ವಿಂಡೋಸ್ ಕಡೆ ಇದ್ದಾಗ ನೆಟ್ ಆದಷ್ಟು ಬೇಡ, ಟ್ಯಾಲಿಗೆ ಬೇಕಾದಾಗ ಮಾತ್ರ ಕೊಡಿ. ಈ ಓಡಾಟ ಬೇಜಾರು ಹಿಡಿಸುತ್ತದೆ, ಸುಳ್ಳು ಹೇಳುವುದಿಲ್ಲ. ಹಾಗಾಗಿ ಇದು ಒಂದು ವರ್ಷದ ಏರ್ಪಾಡು ಎಂದುಕೊಳ್ಳಿ. ಲೆಕ್ಕ ಬರೆಯುವ ಕೆಲಸ ಮುಂದುವರಿಸುವುದಾದರೆ 2026ರ ಅಕ್ಟೋಬರ್ ಒಳಗೆ ಎಂಟನೇ ತಲೆಮಾರಿನ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಒಂದನ್ನು ಅಸಲಿ ವಿಂಡೋಸ್ 11 ಜೊತೆ ತೆಗೆದುಕೊಂಡು ಅದನ್ನು ಟ್ಯಾಲಿಗೇ ಮೀಸಲಿಡಿ. ಅದರ ಖರ್ಚನ್ನು ಎಂಟ್ರಿ ಮಾಡಿಸಿಕೊಳ್ಳುವ ನೆರೆಯವರ ಹತ್ತಿರ ಹಂಚಿಕೊಳ್ಳಲು ಕೇಳುವುದರಲ್ಲಿ ತಪ್ಪಿಲ್ಲ.

ಯಾವ ಲಿನಕ್ಸ್? ಮಿಂಟ್, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ನೋಡಲು ವಿಂಡೋಸ್‌ನ ಹಾಗೇ ಇದೆ, ಕಪ್ಪು ಪರದೆಯಲ್ಲಿ ಕಮಾಂಡ್ ಒತ್ತುವ ಪ್ರಮೇಯ ದಿನನಿತ್ಯ ಬರುವುದಿಲ್ಲ. ಅಪ್‌ಡೇಟ್ ಬಂದಾಗ ಕೇಳಿ ಹಾಕುತ್ತದೆ, ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. ಆಷಾಢದ ಮಳೆಗೆ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲದ ನಿಮ್ಮ ಕಡೆ ಇದು ಸಣ್ಣ ಸುಖವಲ್ಲ. ಮಗ ಪಳಗಿದವರ ಲಿನಕ್ಸ್‌ಗಳಾದ ಆರ್ಚ್ ಅಥವಾ ಕಾಲಿ ಹಾಕ್ತೀನಿ ಅಂದರೆ ಅದನ್ನು ಅವನ ಲ್ಯಾಪ್‌ಟಾಪಿಗೆ ಹಾಕಿಕೊಳ್ಳಲು ಹೇಳಿ. ಹಾಸ್ಟೆಲಿಗೆ ಹೋಗುವ ಮೊದಲು ಟೈಮ್‌ಶಿಫ್ಟ್ ಆನ್ ಮಾಡಿ, ಹಿಂದಿನ ಸ್ಥಿತಿಗೆ ಮರಳುವುದು ಹೇಗೆ ಎಂದು ನಿಮ್ಮ ಕೈಯಲ್ಲೇ ಒಮ್ಮೆ ಮಾಡಿಸಿ ಹೋಗಲಿ. ದೂರದಿಂದ ಕಂಪ್ಯೂಟರ್ ನಡೆಸುವ ಎನಿಡೆಸ್ಕ್ ಹಾಕಿಟ್ಟರೆ ಅಲ್ಲಿಂದಲೇ ನೋಡಿಕೊಡಬಹುದು, ನೆಟ್ ಇದ್ದ ದಿನ.

ಕಾಲ ಯಾವುದು ಎಂದರೆ, ಕೊಯ್ಲು ನಡೆಯುವಾಗ ಬೇಡವೇ ಬೇಡ. ಮಾರ್ಚ್ ಲೆಕ್ಕ ಮುಗಿದ ಮೇಲೆ ಮಾಡಿ. ಗುಡುಗು ಸಿಡಿಲಿನ ದಿನಗಳಲ್ಲಿ ಪ್ಲಗ್ ಕಿತ್ತಿಡುವುದನ್ನು ಮಾತ್ರ ಮರೆಯಬೇಡಿ, ಮದರ್‌ಬೋರ್ಡ್ ಸುಟ್ಟರೆ ಯಾವ ಸಿಸ್ಟಮ್ಮೂ ಉಳಿಸುವುದಿಲ್ಲ.

ಮೊದಲ ಹೆಜ್ಜೆಯಾಗಿ ಈ ವಾರವೇ ಮಗನ ಪೆನ್‌ಡ್ರೈವ್‌ನಿಂದ ಲಿನಕ್ಸನ್ನು ಲೈವ್ ಆಗಿ ಓಡಿಸಿ ನೋಡಿ. ಡಿಸ್ಕಿಗೆ ಏನೂ ಬರೆಯುವುದಿಲ್ಲ, ಇನ್‌ಸ್ಟಾಲ್ ಐಕಾನ್ ಮುಟ್ಟದಿದ್ದರೆ ಸಾಕು. ವೈಫೈ ಹಿಡಿಯುತ್ತದಾ, ಕಗಪದಲ್ಲಿ ಬೆರಳು ಓಡುತ್ತದಾ, ಚೆಕ್‌ರೋಲ್ ತೆರೆಯುತ್ತದಾ ನೋಡಿಕೊಳ್ಳಿ. ಪೆನ್‌ಡ್ರೈವ್‌ನಿಂದ ನಿಧಾನವಿರುತ್ತದೆ, ವೇಗವನ್ನು ಅಲ್ಲಿ ಅಳೆಯಬೇಡಿ. ಜೊತೆಗೆ ಮೂರೂ ತೋಟದ ಟ್ಯಾಲಿ ಡೇಟಾವನ್ನು ಹೊರಗಿನ ಡಿಸ್ಕಿಗೆ ಬ್ಯಾಕಪ್ ತೆಗೆಯಿರಿ. ಆ ಬ್ಯಾಕಪ್ಪನ್ನು ಬೇರೆ ಯಾರದಾದರೂ ಟ್ಯಾಲಿಯಲ್ಲಿ ರಿಸ್ಟೋರ್ ಮಾಡಿ, ಕೊನೆಯ ಎಂಟ್ರಿ ಕಾಣುತ್ತದಾ ಎಂದು ನೋಡಿದ ಮೇಲೆ ಮಾತ್ರ ಮಗನ ಕೈಗೆ ಸ್ಕ್ರೂಡ್ರೈವರ್ ಕೊಡಿ.